ಫ್ಲಶ್ ಬಾಗಿಲಿನ ಮೇಲೆ ತೇಗದ ಎಳೆ ಮೂಡಿಸುವುದು ಹೇಗೆ?

ಫ್ಲಶ್ ಬಾಗಿಲನ್ನು, ಅಂದರೆ ಪಟ್ಟಿ-ಹಲಗೆಗಳಿಲ್ಲದ ಸಪಾಟಾದ ಪ್ಲೈವುಡ್ ಬಾಗಿಲನ್ನು, ಮರದ ಬಾಗಿಲಿನಂತೆ ಕಾಣಿಸಬೇಕೆಂದರೆ ಹೆಚ್ಚಿನವರು ಮೊದಲು ವಿಚಾರಿಸುವುದು ಸನ್‌ಮೈಕಾ ಹಾಳೆಯನ್ನು. ಅದರ ಮೇಲಿರುವುದು ಕಾಗದದಲ್ಲಿ ಮುದ್ರಿಸಿದ ಮರದ ಚಿತ್ರ; ಆ ಕಾಗದಕ್ಕೆ ಮೆಲಮೈನ್ ರಾಳ ಹಿಡಿಸಿ, ಕೆಳಗೆ ಕಂದು ಕಾಗದದ ಪದರಗಳನ್ನಿಟ್ಟು, ಶಾಖ ಮತ್ತು ಒತ್ತಡದಲ್ಲಿ ಒಂದಾಗಿಸಿರುತ್ತಾರೆ. ಬಾಳಿಕೆಯಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಒಂದೇ ವಿನ್ಯಾಸದ ಹಾಳೆಗಳನ್ನು ಅಕ್ಕಪಕ್ಕದ ಬಾಗಿಲುಗಳಿಗೆ ಅಂಟಿಸಿದಾಗ ಅದೇ ಗಂಟು ಅದೇ ಎತ್ತರದಲ್ಲಿ ಮತ್ತೆ ಕಾಣಿಸಿಕೊಂಡು ಗುಟ್ಟು ರಟ್ಟಾಗುತ್ತದೆ. ಕೈಯಲ್ಲಿ ಬಣ್ಣದಿಂದ ಎಳೆ ಬಿಡಿಸಿದರೆ ಆ ತೊಂದರೆ ಇಲ್ಲ, ಏಕೆಂದರೆ ಕೈ ಎಳೆದ ಗೆರೆ ಎರಡು ಸಲ ಒಂದೇ ರೀತಿ ಬರುವುದಿಲ್ಲ. ಯುರೋಪಿನಲ್ಲಿ ಬಣ್ಣಗಾರರು ಈ ಕೆಲಸವನ್ನು 19ನೇ ಶತಮಾನದಲ್ಲಿ ಎಷ್ಟು ಬೆಳೆಸಿದ್ದರೆಂದರೆ, 1851ರ ಲಂಡನ್ ಮಹಾಪ್ರದರ್ಶನದಲ್ಲಿ ಥಾಮಸ್ ಕೆರ್ಶಾ ಎಂಬ ಬಣ್ಣಗಾರ ಇಂಥ ಹಲಗೆಗಳನ್ನು ಪ್ರದರ್ಶನಕ್ಕಿಟ್ಟು ಪದಕ ಪಡೆದ.

ಮೊದಲು ಮರವನ್ನು ನೋಡಿ

ಬಣ್ಣದ ಡಬ್ಬಿ ತೆರೆಯುವ ಮುಂಚೆ ನಿಜವಾದ ಮರವನ್ನು ಗಮನವಿಟ್ಟು ನೋಡಿರಬೇಕು. ಈ ಕೆಲಸ ಕೆಡುವುದು ಬಹುಪಾಲು ಇಲ್ಲಿಯೇ, ಕುಂಚದಲ್ಲಿ ಅಲ್ಲ. ಮೈಸೂರಿನಲ್ಲಿರುವವರಿಗೆ ಇದಕ್ಕೆ ಬೇಕಾದಷ್ಟು ಅವಕಾಶವಿದೆ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯಲ್ಲಿ, ಅಂಬಾವಿಲಾಸ ಎಂಬ ಖಾಸಗಿ ದರ್ಬಾರು ಸಭಾಂಗಣಕ್ಕೆ ಹೋಗುವ ದಂತದ ಕುಸುರಿಯ ಬೀಟೆ ಬಾಗಿಲಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಮೈಸೂರು ಬೀಟೆಮರದ ಇನ್‌ಲೇ ಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಅಲ್ಲಿ ಆಕಾಶ, ನೀರು, ಗೋಡೆಗಳಿಗೆ ಬಣ್ಣ ಹಚ್ಚುವ ಬದಲು ಬೇರೆ ಬೇರೆ ಮರಗಳ ಸಹಜ ಬಣ್ಣ ಮತ್ತು ಎಳೆಯನ್ನೇ ಆರಿಸಿ ಕೂರಿಸಿರುತ್ತಾರೆ. ಹಳ್ಳಿಯ ಕಡೆ ತೊಟ್ಟಿಮನೆಯ ಹಲಸಿನ ಕಂಬವಿದ್ದರೆ ಅದೂ ಆಗುತ್ತದೆ. ಏನೂ ಸಿಗದಿದ್ದರೆ ಮಂಡ್ಯವಾಗಲಿ ಮೈಸೂರಾಗಲಿ, ಯಾವುದಾದರೂ ಸಾಮಿಲ್‌ನಲ್ಲಿ ಒರಗಿಸಿಟ್ಟ ಹಲಗೆಗಳನ್ನು ಹತ್ತು ನಿಮಿಷ ನೋಡಿದರೆ ಸಾಕು.

ನೋಡಬೇಕಾದದ್ದು ಎರಡು ಸಂಗತಿ. ದಿಮ್ಮಿಯನ್ನು ಸಾದಾ ರೀತಿಯಲ್ಲಿ ಸೀಳಿದ ಅಗಲ ಹಲಗೆಯ ನಡುವೆ ಒಂದರೊಳಗೊಂದು ಸೇರಿದ ಕಮಾನುಗಳಿರುತ್ತವೆ, ಅಂಚಿಗೆ ಬಂದಂತೆ ಅವು ನೇರ ಗೆರೆಗಳಾಗುತ್ತವೆ. ಕಮಾನಿನ ತುದಿಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಎರಡನೆಯದು, ಬಡಗಿ ಬಾಗಿಲನ್ನು ಜೋಡಿಸುವ ರೀತಿ. ಎರಡು ಪಕ್ಕಗಳ ಉದ್ದಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಅಖಂಡವಾಗಿ ಬರುತ್ತವೆ, ಅಡ್ಡಪಟ್ಟಿಗಳು ಅವುಗಳ ನಡುವೆ ಬಂದು ನಿಲ್ಲುತ್ತವೆ, ಉಳಿದ ಜಾಗದಲ್ಲಿ ಹಲಗೆಗಳು ಕೂರುತ್ತವೆ. ಆದ್ದರಿಂದ ಅಡ್ಡಪಟ್ಟಿಯ ಎಳೆ ಅಡ್ಡಕ್ಕೇ ಓಡಬೇಕು, ಉದ್ದಪಟ್ಟಿಯದು ಉದ್ದಕ್ಕೇ. ಬಣ್ಣ ಎಷ್ಟೇ ಚೆನ್ನಾಗಿ ಕೂಡಿಬಂದರೂ ಈ ನಿಯಮ ತಪ್ಪಿದರೆ, ಏಕೆಂದು ಹೇಳಲು ಬಾರದವರಿಗೂ ಬಾಗಿಲು ಸುಳ್ಳೆನಿಸುತ್ತದೆ.

ಬೇಕಾಗುವ ಸಾಮಾನು

ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿನ ಒಂದು ಮುಖಕ್ಕೆ 120, 220 ಮತ್ತು 320ನೇ ನಂಬರಿನ ಉಪ್ಪು ಕಾಗದ, ಸ್ವಲ್ಪ ಪುಟ್ಟಿ, ಪ್ರೈಮರ್, ತಳಬಣ್ಣಕ್ಕೆ ಸ್ಯಾಟಿನ್ ಎನಾಮಲ್, ಕಾಯಿಸಿದ ಅಗಸೆ ಎಣ್ಣೆ, ಟರ್ಪೆಂಟೈನ್, ಎಣ್ಣೆ ಬಣ್ಣಕ್ಕೆ ಹೊಂದುವ ಬರ್ನ್ಟ್ ಅಂಬರ್ ಮತ್ತು ಸಿಯೆನ್ನಾ ಸ್ಟೇನರ್ (ಛಾಯೆ ಕೊಡಲು ಬೆರೆಸುವ ಗಾಢ ಕಂದು ಬಣ್ಣಗಳು), ಮಾಸ್ಕಿಂಗ್ ಟೇಪು, ಹಳೆಯ ಹತ್ತಿ ಬಟ್ಟೆ ಹಾಗೂ ಪಾರದರ್ಶಕ ಪಾಲಿಯುರಿಥೇನ್ ವಾರ್ನಿಷ್ ಬೇಕು. ಎಳೆ ಮೂಡಿಸುವ ರಬ್ಬರಿನ ರಾಕರ್ ದೊಡ್ಡ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಬಾಗಿದ ಮುಖದಲ್ಲಿ ಅರ್ಧವೃತ್ತದ ಏಣುಗಳಿರುತ್ತವೆ. ನೇರ ಗೆರೆ ಎಳೆಯುವ ಹಣಿಗೆಯನ್ನು ಮಾತ್ರ ಕೊಳ್ಳುವುದು ದಂಡ. ಅವಧಿ ಮುಗಿದ ಪ್ಲಾಸ್ಟಿಕ್ ಕಾರ್ಡಿನ ಒಂದು ಅಂಚನ್ನು ಹೆಚ್ಚುಕಡಿಮೆ ಅಂತರದಲ್ಲಿ ಹಲ್ಲುಗಳಾಗಿ ಕತ್ತರಿಸಿಕೊಂಡರೆ ಅಂಗಡಿಯ ಹಣಿಗೆಗಿಂತ ಸಹಜವಾದ ಗೆರೆ ಬರುತ್ತದೆ.

ತಳ ಸಿದ್ಧಮಾಡುವುದು

ಹಿಡಿ, ಚಿಲಕಗಳನ್ನು ಬಿಚ್ಚಿ, ಬಾಗಿಲನ್ನು 120ರ ಉಪ್ಪು ಕಾಗದದಿಂದ ಉಜ್ಜಿ, ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ 220ರಿಂದ ನಯಮಾಡಿ ಪ್ರೈಮರ್ ಹಚ್ಚಿ. ಅದರ ಮೇಲೆ ತಳಬಣ್ಣದ ಎರಡು ಕೋಟ್. ತಳಬಣ್ಣವು ನೀವು ಅನುಕರಿಸುವ ಮರದ ಅತ್ಯಂತ ತಿಳಿಯಾದ ಛಾಯೆಯದಾಗಿರಬೇಕು. ತೇಗಕ್ಕೆ ಹಳದಿ ಬೆರೆತ ತಿಳಿಗಂದು, ಹಲಸಿಗೆ ಇನ್ನೂ ಹಳದಿ, ಬೀಟೆಗೆ ಕೆಂಪು ಬೆರೆತ ಕಂದು. ಹೊಳಪಿಲ್ಲದ ಮ್ಯಾಟ್ ಬಣ್ಣ ಬೇಡ, ಅದು ಮೇಲಿನ ಬಣ್ಣವನ್ನು ಹೀರಿಕೊಂಡುಬಿಡುವುದರಿಂದ ಹಣಿಗೆ ಎಳೆದಾಗ ಗೆರೆ ಏಳುವುದಿಲ್ಲ. ಎರಡು ದಿನ ಬಿಟ್ಟು 320ರಿಂದ ಹಗುರವಾಗಿ ಉಜ್ಜಿ ದೂಳು ಒರೆಸಿ. ಅವಸರ ಮಾಡಿದರೆ ಟರ್ಪೆಂಟೈನ್ ಹಸಿ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ.

ಎಳೆ ಬಿಡಿಸುವುದು

ಪೆನ್ಸಿಲಿನಿಂದ ಬಾಗಿಲಿನ ಮೇಲೆ ಪಟ್ಟಿ ಮತ್ತು ಹಲಗೆಗಳನ್ನು ಗುರುತಿಸಿ. ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್ ಸೇರಿಸಿ, ಅಂಬರ್ ಸ್ಟೇನರನ್ನು ಹೆಚ್ಚಾಗಿಯೂ ಸಿಯೆನ್ನಾವನ್ನು ಕಡಿಮೆಯಾಗಿಯೂ ಬೆರೆಸಿ, ನೀರು ಮಜ್ಜಿಗೆಯಷ್ಟು ತೆಳುವಾದ ಗ್ಲೇಜ಼್ ಮಾಡಿಕೊಳ್ಳಿ. ಕಿಟಕಿ ತೆರೆದಿರಲಿ. ಬೇಸಿಗೆಯಲ್ಲಿ ಗ್ಲೇಜ಼್ ಬೇಗ ಬಿಗಿಯುವುದರಿಂದ ಬೆಳಗಿನ ಹೊತ್ತೇ ಒಳ್ಳೆಯದು.

ಕೆಲಸದ ಕ್ರಮ ಹೀಗೆ: ಮೊದಲು ಹಲಗೆಗಳು, ಆಮೇಲೆ ಅಡ್ಡಪಟ್ಟಿಗಳು, ಕೊನೆಗೆ ಉದ್ದಪಟ್ಟಿಗಳು. ಹಲಗೆಯ ಸುತ್ತ ಟೇಪು ಹಚ್ಚಿ, ಗ್ಲೇಜ಼್ ಅನ್ನು ತೆಳುವಾಗಿ ಬಳಿದು, ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಸವರಿ ಸಮ ಮಾಡಿ. ಈಗ ರಾಕರನ್ನು ಮೇಲಿನ ಅಂಚಿನಲ್ಲಿಟ್ಟು, ಒಂದೇ ಒತ್ತಡದಲ್ಲಿ, ಎಲ್ಲಿಯೂ ನಿಲ್ಲಿಸದೆ ಕೆಳಗೆ ಎಳೆಯಿರಿ. ಎಳೆಯುತ್ತಲೇ ಅದರ ಹಿಡಿಯನ್ನು ಬಹಳ ನಿಧಾನವಾಗಿ ಬಾಗಿಸಿದರೆ ಕಮಾನುಗಳು ತಾವಾಗಿ ಅರಳುತ್ತವೆ. ಹೊಸಬರು ಇಲ್ಲಿ ಉತ್ಸಾಹಕ್ಕೆ ಬೀಳುತ್ತಾರೆ. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದಷ್ಟೂ ಕಮಾನುಗಳು ಎರಡು ಕಡೆಯಿಂದ ಮುಚ್ಚಿಕೊಂಡು ಮೊಟ್ಟೆಯಾಕಾರದ ಗಂಟುಗಳಾಗುತ್ತವೆ, ಅಂಗೈ ಅಗಲಕ್ಕೊಂದು ಗಂಟಿರುವ ತೇಗವನ್ನು ಯಾವ ಬಡಗಿಯೂ ಬಾಗಿಲಿಗೆ ಬಳಸುವುದಿಲ್ಲ. ಇಡೀ ಬಾಗಿಲಿಗೆ ಒಂದೆರಡು ಗಂಟು ಧಾರಾಳವಾಯಿತು. ಕಮಾನಿನ ಎರಡೂ ಪಕ್ಕಗಳಲ್ಲಿ ಹಣಿಗೆಯನ್ನು ತುಸು ಅಲುಗಿಸುತ್ತ ನೇರ ಗೆರೆ ಎಳೆಯಿರಿ. ಸರಿಬರದಿದ್ದರೆ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ ಮತ್ತೆ ಬಳಿಯಬಹುದು, ಎಣ್ಣೆಯ ಗ್ಲೇಜ಼್ ಅಷ್ಟು ಬಿಡುವು ಕೊಡುತ್ತದೆ.

ಎಳೆ ಬಂದ ಕೂಡಲೇ ಅದು ತೀರ ಗೀಚಿದಂತೆ ಕಾಣುವುದು ಸಹಜ. ಅದನ್ನು ಮರವಾಗಿಸುವುದು ಮುಂದಿನ ಸಣ್ಣ ಕೆಲಸ. ಉದ್ದ ಕೂದಲಿನ ಒಣ ಕುಂಚವನ್ನು ಮಲಗಿಸಿ ಹಿಡಿದು, ಅದರ ಪಕ್ಕದಿಂದ ಗ್ಲೇಜ಼್ ಮೇಲೆ ಪಟಪಟನೆ ಬಡಿಯುತ್ತ ಕೆಳಗಿನಿಂದ ಮೇಲಕ್ಕೆ ಸಾಗಿ. ಗೆರೆಗಳ ಅಂಚು ಒಡೆದು, ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಉದ್ದ ಚುಕ್ಕೆಗಳು ಏಳುತ್ತವೆ. ತೇಗದ ಹಲಗೆಯನ್ನು ಕಣ್ಣಿಗೆ ಹತ್ತಿರ ಹಿಡಿದಾಗ ಕಾಣುವ ರಂಧ್ರಗಳು ಇವೇ.

ಗ್ಲೇಜ಼್ ಹಸಿಯಾಗಿರುವಾಗಲೇ ಟೇಪು ಕೀಳಬೇಕು. ಎರಡು ಮೂರು ದಿನ, ಮಳೆಗಾಲವಾದರೆ ಇನ್ನೂ ಹೆಚ್ಚು, ಒಣಗಲು ಬಿಟ್ಟು ಅಡ್ಡಪಟ್ಟಿಗಳಿಗೆ ಹೋಗಿ. ಅಲ್ಲಿ ಕಮಾನು ಬೇಡ, ಹಣಿಗೆಯ ನೇರ ಗೆರೆ ಸಾಕು. ಒಣಗಿದ ಭಾಗದ ಮೇಲೆ ಟೇಪು ಹಚ್ಚುವ ಮೊದಲು ಅದನ್ನು ಒಮ್ಮೆ ಬಟ್ಟೆಗೆ ಅಂಟಿಸಿ ಕಿತ್ತರೆ ಅಂಟು ಕಡಿಮೆಯಾಗಿ, ಮಾಡಿದ ಕೆಲಸ ಟೇಪಿನೊಂದಿಗೆ ಎದ್ದು ಬರುವುದಿಲ್ಲ. ಅಡ್ಡಪಟ್ಟಿಗಳೂ ಒಣಗಿದ ಮೇಲೆ ಉದ್ದಪಟ್ಟಿಗಳನ್ನು ಮುಗಿಸಿ, ಪಟ್ಟಿಗಳು ಸೇರುವ ಕಡೆ ಗಾಢ ಕಂದಿನಲ್ಲಿ ಕೂದಲೆಳೆಯಷ್ಟು ಗೆರೆ ಎಳೆದರೆ ಬಡಗಿಯ ಕೂಡಿಕೆ ಕಾಣಿಸುತ್ತದೆ.

ಒಂದು ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಶಾಖ ಹುಟ್ಟಿಸುತ್ತದೆ. ಉಂಡೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಳಸಿದ ಬಟ್ಟೆಗಳನ್ನು ನೀರಿನಲ್ಲಿ ಅದ್ದಿಡಿ, ಇಲ್ಲವೇ ಮನೆಯ ಹೊರಗೆ ಒಂದೊಂದಾಗಿ ಬಿಡಿಸಿ ಹರಡಿ ಪೂರ್ತಿ ಒಣಗಿಸಿದ ಮೇಲೆ ಎಸೆಯಿರಿ.

ವಾರ್ನಿಷ್

ಎಲ್ಲವೂ ಒಣಗಿದ ಮೇಲೆ ವಾರ್ನಿಷ್ ಎರಡು ಕೋಟ್, ನಡುವೆ 320ರ ಹಗುರ ಉಜ್ಜು. ಅರಗಿನ ಪಾಲಿಶ್ ನೋಡಲು ಇನ್ನೂ ಅಂದ, ಆದರೆ ಬಿಸಿಗೂ ನೀರಿಗೂ ಅದು ತಾಳುವುದಿಲ್ಲವಾದ್ದರಿಂದ ಅಡುಗೆಮನೆ, ಬಚ್ಚಲುಮನೆಯ ಬಾಗಿಲಿಗೆ ಬೇಡ. ಪೂರ್ತಿ ಹೊಳಪಿನ ವಾರ್ನಿಷ್ ಬೆಳಕು ಬಿದ್ದಾಗ ಎಳೆಯನ್ನು ನುಂಗಿಹಾಕುತ್ತದೆ. ನನ್ನ ಮಟ್ಟಿಗೆ ಮಂದ ಹೊಳಪಿನದೇ ಸರಿ.

ಇದೇ ವಿಧಾನ ಕಬ್ಬಿಣದ ಬೀರು, ಎಂಡಿಎಫ್ ಕಪಾಟು, ದಸರಾ ಬೊಂಬೆಗಳನ್ನು ಕೂರಿಸುವ ಪ್ಲೈವುಡ್ ಮೆಟ್ಟಿಲುಗಳಿಗೂ ನಡೆಯುತ್ತದೆ, ಕಬ್ಬಿಣಕ್ಕೆ ತುಕ್ಕು ತಡೆಯುವ ಪ್ರೈಮರ್ ಬೇಕೆಂಬುದಷ್ಟೇ ವ್ಯತ್ಯಾಸ. ಮರದಿಂದ ಮಾಡಲಾಗದ ವಸ್ತುಗಳಿಗೆ, ಉದಾಹರಣೆಗೆ ನೀರಿನ ಪೈಪಿಗೋ ಸ್ವಿಚ್‌ಬೋರ್ಡಿಗೋ, ಎಳೆ ಬಿಡಿಸುವುದು ನೋಡುವವರಿಗೆ ನಗೆಪಾಟಲು. ಉಳಿದ ಗ್ಲೇಜ಼್ ಅನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಡಿ. ಮುಂದೆ ಬಾಗಿಲಿಗೆ ಗೀರು ಬಿದ್ದಾಗ ಅದನ್ನು ಸಣ್ಣ ಕುಂಚದಲ್ಲಿ ತೆಗೆದುಕೊಂಡು, ಗೀರಿನ ಉದ್ದಕ್ಕೆ ಅಲ್ಲ, ಎಳೆ ಓಡಿದ ದಿಕ್ಕಿಗೆ ಚುಕ್ಕಿಚುಕ್ಕಿಯಾಗಿ ತುಂಬಿ, ಒಣಗಿದ ಮೇಲೆ ಅಷ್ಟು ಜಾಗಕ್ಕೆ ಮಾತ್ರ ವಾರ್ನಿಷ್ ಸವರಿದರೆ ಸಾಕಾಗುತ್ತದೆ.