ಏನೂ ಅನ್ನಿಸದ ಔಷಧವೇ ನನ್ನ ಉಬ್ಬಸ ತಡೆದಿದ್ದು

ಉಬ್ಬಸ ಬಂತೋ, ಇನ್‌ಹೇಲರ್‌ನಿಂದ ಎರಡು ಪಫ್ ಸಾಲ್ಬುಟಮಾಲ್. ಐದಾರು ನಿಮಿಷದಲ್ಲಿ ಎದೆ ಹಗುರ. ಬಹಳ ವರ್ಷ ನನ್ನ ಚಿಕಿತ್ಸೆ ಇಷ್ಟೇ ಆಗಿತ್ತು. ಜೊತೆಗೆ ಬರೆದುಕೊಟ್ಟಿದ್ದ ಬುಡೆಸೊನೈಡ್ ಇನ್‌ಹೇಲರ್ ಕಪಾಟಿನಲ್ಲೇ ಉಳಿಯುತ್ತಿತ್ತು. ಎಳೆದುಕೊಂಡರೂ ಏನೂ ಆದಂತೆ ಅನ್ನಿಸುತ್ತಿರಲಿಲ್ಲ. ಮೇಲಾಗಿ ಸ್ಟೀರಾಯ್ಡ್ ಎಂಬ ಭಯ.

ಒಂದು ರಾತ್ರಿ ಪಫ್ ಮೇಲೆ ಪಫ್ ತೆಗೆದುಕೊಂಡರೂ ಉಸಿರು ಸಿಗಲಿಲ್ಲ. ನಾಲ್ಕು ಮಾತು ಒಟ್ಟಿಗೆ ಆಡಲಾಗದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದೆ. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಆಯಿತು, ದಿನಕ್ಕೆ 40 ಮಿಲಿಗ್ರಾಂನಂತೆ ಐದು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಆಯಿತು. ಸಾಲ್ಬುಟಮಾಲ್ ಶ್ವಾಸನಾಳದ ಸುತ್ತಲಿನ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದು ಆಗಲೇ. ಆ ಊತ ಇಳಿಸುವುದು ದಿನವೂ ಎಳೆದುಕೊಳ್ಳಬೇಕಾದ ಬುಡೆಸೊನೈಡ್. ನಾನು ಹೆದರಿ ಬಿಟ್ಟಿದ್ದ ಅದರ ಪಫ್‌ನಲ್ಲಿದ್ದದ್ದು 200 ಮೈಕ್ರೋಗ್ರಾಂ, ಅಂದರೆ 0.2 ಮಿಲಿಗ್ರಾಂ, ಅದೂ ನೇರ ಶ್ವಾಸಕೋಶಕ್ಕೆ. ಆ ಮಾತ್ರೆ, ಈ ಪಫ್ ಎರಡೂ ಬೇರೆ ಬೇರೆ ಔಷಧ, ಬರೀ ತೂಕ ಹೋಲಿಸಿದರೆ ಸರಿಯಾಗದು. ಆದರೂ ಮೈಯೆಲ್ಲ ಸುತ್ತುವ ಮಾತ್ರೆಯನ್ನು ತಪ್ಪಿಸುವುದು ಈ ಪುಟ್ಟ ಡೋಸೇ ಎಂಬುದು ಮನಸ್ಸಿಗೆ ನಾಟಿತು.

ಎಳೆದುಕೊಳ್ಳುವ ರೀತಿಯೂ ತಪ್ಪಿತ್ತು. ನರ್ಸ್ ಎದುರೇ ತೋರಿಸಿದಾಗ ಔಷಧದ ಮುಕ್ಕಾಲು ಪಾಲು ನಾಲಿಗೆಯ ಮೇಲೇ ಬೀಳುತ್ತಿತ್ತು. ಅಂದಿನಿಂದ ಸ್ಪೇಸರ್, ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಬಿಟ್ಟಿಲ್ಲ. ಇನ್‌ಹೇಲರ್ ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಒಂದೇ ಒಂದು ಪಫ್ ಒತ್ತಿ, ನಿಧಾನವಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯುತ್ತೇನೆ. ನನ್ನ ಸ್ಪೇಸರ್ ಸಿಳ್ಳೆ ಹಾಕಿದರೆ ಜೋರಾಗಿ ಎಳೆದೆ ಎಂದರ್ಥ. ಸ್ಪೇಸರ್ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದು. ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಒಳಗೋಡೆಗೇ ಅಂಟಿಕೊಳ್ಳುತ್ತದೆ. ತಾನಾಗಿ ಒಣಗಬೇಕು.

ಹೀಗೆ ದಿನವೂ ಬುಡೆಸೊನೈಡ್ ಎಳೆದುಕೊಂಡು ಎರಡು ವಾರ ಕಳೆಯುವ ಹೊತ್ತಿಗೆ ರಾತ್ರಿ ಎದ್ದು ಕೂರುವುದು ನಿಂತಿತು. ಆ ನಿದ್ದೆಯ ಸುಖ ಉಬ್ಬಸದವರಿಗೇ ಗೊತ್ತು!

ಬೆಳಿಗ್ಗೆ, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆದಿಡುತ್ತೇನೆ. ನನ್ನ ಅತ್ಯುತ್ತಮ ಅಂಕಿ ನಿಮಿಷಕ್ಕೆ 420 ಲೀಟರ್. ಅದರ ಶೇ. 80, ಅಂದರೆ 336ಕ್ಕಿಂತ ಇಳಿದರೆ ಡಾಕ್ಟರು ಬರೆದುಕೊಟ್ಟ ಯೋಜನೆಯಂತೆ ನಡೆಯುತ್ತೇನೆ. ಅರ್ಧಕ್ಕಿಂತ ಇಳಿದರೆ ನೇರ ಆಸ್ಪತ್ರೆ. ಎಷ್ಟೋ ಸಲ ಎದೆ ಬಿಗಿಯುವ ಮುಂಚೆಯೇ ಅಂಕಿ ಇಳಿದಿರುತ್ತದೆ.

ನಡುವೆ ಒಮ್ಮೆ ನಾಲಿಗೆ ಮೇಲೆ ಬಿಳಿ ಕಲೆ ಎದ್ದಿತ್ತು. ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದೆ ಬಿಟ್ಟದ್ದರ ಫಲ, ಫಂಗಸ್. ಈಗ ಇನ್‌ಹೇಲರನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ. ಮೊದಲು ಪಫ್, ಆಮೇಲೆ ಬ್ರಷ್.