ಮರದ ಬಟ್ಟಲು ಸೀಳು ಬಿಟ್ಟರೆ ಸರಿಪಡಿಸುವುದು ಹೇಗೆ?

ಖಾನಾಪುರ ಕಡೆಯ ತೇವದ ಹವೆಯಲ್ಲಿ ಕಡೆದ ಮರದ ಬಟ್ಟಲು ವಿಜಯಪುರದ ಮನೆಗೆ ಬಂದರೆ, ಏಪ್ರಿಲ್ ಹೊತ್ತಿಗೆ ಅಂಚಿನಲ್ಲಿ ಸೀಳು ಕಾಣಿಸಬಹುದು. ಕಡೆದವರನ್ನು ಬೈಯಬೇಡಿ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಗುಂಟ ಅದರ ಸುಮಾರು 2 ಪಟ್ಟು ಕುಗ್ಗುತ್ತದೆ. ಆ ಎಳೆದಾಟದಲ್ಲೇ ಸೀಳು ಬೀಳುವುದು.

ಹಾಗಾಗಿ ಅಂಟು ತರುವ ಮೊದಲು ಸ್ವಲ್ಪ ಕಾಯಬೇಕು. ಸೀಳಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಫ್ಯಾನು, ಬಿಸಿಲು ತಾಗದ ಕಡೆ ಇಡಿ. ಎರಡು–ಮೂರು ವಾರದಲ್ಲಿ ಸೀಳು ಗೆರೆ ದಾಟಿದರೆ ಮರ ಇನ್ನೂ ಒಣಗುತ್ತಿದೆ ಎಂದು ತಿಳಿಯಿರಿ. ನನ್ನ ಪ್ರಕಾರ ದೀಪಾವಳಿ ಕಳೆದ ಮೇಲಿನ ದಿನಗಳೇ ಈ ಕೆಲಸಕ್ಕೆ ಸರಿ. ಮಳೆಗಾಲದಲ್ಲಿ ಮರ ಉಬ್ಬಿ ಸೀಳು ಮುಚ್ಚಿಕೊಳ್ಳುತ್ತದೆ, ಅಂಟು ಒಳಗೆ ಇಳಿಯುವುದಿಲ್ಲ. ಮೇ ತಿಂಗಳಲ್ಲಿ ಪೂರ್ತಿ ಬಾಯಿ ಬಿಟ್ಟಿರುತ್ತದೆ. ಆಗ ಗಟ್ಟಿಯಾಗಿ ತುಂಬಿದರೆ, ಮಳೆಗೆ ಉಬ್ಬಲು ಜಾಗ ಸಿಗದೆ ಪಕ್ಕದಲ್ಲೇ ಸೀಳಬಹುದು. ಕ್ಲಾಂಪ್ ಹಾಕಿ ಜೋರಾಗಿ ಬಿಗಿಯುವುದಂತೂ ಬೇಡವೇ ಬೇಡ. ಒಳಗಿನ ಎಳೆತ ಹಾಗೇ ಉಳಿದು, ಮುಂದಿನ ಬೇಸಿಗೆಗೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಇನ್ನು ಸೀಳನ್ನು ಸ್ವಚ್ಛ ಮಾಡಿ. ಹಳೆ ಟೂತ್ ಬ್ರಷ್ ಸಾಕು. ಎಣ್ಣೆಯ ಪಸೆ ಇದ್ದರೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ಎಣ್ಣೆ ಇದ್ದಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ.

ಕೂದಲೆಳೆಯ ಸೀಳಾದರೆ ಫೆವಿಕ್ವಿಕ್‌ನಂಥ ತೆಳು ಅಂಟು ತಾನೇ ಒಳಗೆ ಹೀರಿಕೊಂಡು ಹೋಗುತ್ತದೆ. ಅಂಟು ಹಸಿ ಇರುವಾಗಲೇ ಮೇಲೆ ಪಾಲಿಶ್ ಪೇಪರ್ ಉಜ್ಜಿ. ಏಳುವ ಮರದ ಪುಡಿ ಸೀಳಿನಲ್ಲಿ ಕೂತು ಬಣ್ಣವೂ ಹೊಂದುತ್ತದೆ. ಹೆಚ್ಚಾದ ಅಂಟನ್ನು ಹತ್ತಿ ಬಟ್ಟೆಯಿಂದ ಮಾತ್ರ ಒರೆಸಬೇಡಿ. ಹತ್ತಿ ತಾಗಿದರೆ ಇದು ಸುಡುವಷ್ಟು ಬಿಸಿಯಾಗಿ ಹೊಗೆ ಬಿಡುತ್ತದೆ.

ಸೀಳು 1 ಮಿ.ಮೀ.ಗಿಂತ ಅಗಲವಿದ್ದರೆ ಬೆಣೆ ಹಾಕುವುದೇ ಚಂದ. ಅದೇ ಜಾತಿಯ ಮರದ ತೆಳು ಚಕ್ಕೆ ತೆಗೆದುಕೊಂಡು ಒಂದು ಅಂಚನ್ನು ತೆಳ್ಳಗೆ ಕೆತ್ತಿ. ಚಕ್ಕೆಯ ಎಳೆ ಬಟ್ಟಲಿನ ಎಳೆಯ ದಿಕ್ಕಿಗೇ ಇರಬೇಕು. ಇಲ್ಲದಿದ್ದರೆ ಬೆಣೆ ಒಂದು ಕಡೆ, ಬಟ್ಟಲು ಇನ್ನೊಂದು ಕಡೆ ಎಳೆಯುತ್ತವೆ. ನೀರು ತಡೆಯುವ ಮರದ ಅಂಟು ಸವರಿ ಬೆರಳಿನಿಂದ ಒತ್ತಿ. ಸುತ್ತಿಗೆ ಏಟು ಬಿದ್ದರೆ ಸೀಳು ಇನ್ನೂ ಉದ್ದವಾಗುತ್ತದೆ. ಮರುದಿನ ಹೆಚ್ಚಾದ ಭಾಗ ಕೊಯ್ದು, 120, ಆಮೇಲೆ 220 ನಂಬರಿನ ಪೇಪರ್‌ನಿಂದ ತೀಡಿ. ಸೀಳು ಬೆಣೆ ಕೂರದಷ್ಟು ಸೊಟ್ಟಗಿದ್ದರೆ ಅರಾಲ್ಡೈಟ್ ಎಂಬ ಎರಡು ಭಾಗ ಬೆರೆಸುವ ಅಂಟಿಗೆ ಮರದ ಪುಡಿ ಕಲಸಿ ತುಂಬಬಹುದು. ಒಂದಿಡೀ ದಿನ ಮುಟ್ಟಬೇಡಿ.

ಕೊನೆಗೆ ಎಣ್ಣೆ. ಇದಕ್ಕೆ ನಮ್ಮ ಭಾಗದ ಅಗಸಿ ಎಣ್ಣೆಗಿಂತ ಒಳ್ಳೆಯದು ಬೇಕಾ? ಗಾಳಿಗೆ ತಾನೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ವಾಸನೆ ಬರುತ್ತದೆ. ಪೇಂಟ್ ಅಂಗಡಿಯ ಅಗಸಿ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರಬಹುದು. ಅಡುಗೆ ಎಣ್ಣೆಯ ಗಾಣದಿಂದಲೇ ತನ್ನಿ. ತೆಳುವಾಗಿ ಹಚ್ಚಿ, ಒರೆಸಿ, ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿ. ರಿಪೇರಿಯಾದ ಬಟ್ಟಲಿಗೆ ಬಿಸಿ ಸಾರು ಹಾಕಬೇಡಿ, ಚುರುಮುರಿ, ಹಣ್ಣು ಇಟ್ಟುಕೊಳ್ಳಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಕುಡಿದ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.