ಡಗ್ಗದ ಪಕ್ಕದಲ್ಲಿ ಬೇಸ್ ಗಿಟಾರ್

ಶಿವಮೊಗ್ಗದಲ್ಲಿ ನಾನು ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರಗಳ ಗಿಟಾರ್, ನುಡಿಸುತ್ತೇನೆಂದರೆ ಕೇಳಿದವರು ಮೊದಲು ನನ್ನನ್ನು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವನೆಂದೇ ತಿಳಿಯುತ್ತಾರೆ. ಅದು ತಪ್ಪೂ ಅಲ್ಲ. 2001ರಲ್ಲಿ ಬೆಂಗಳೂರಿನಿಂದ ನಾಲ್ಕು ತಂತಿಯ ಹಳೆಯ ವಾದ್ಯವೊಂದನ್ನು ತಂದ ಮೇಲೆ ಏಳು ವರ್ಷ ನಾನು ನುಡಿಸಿದ್ದು ಅಲ್ಲಿಯೇ. ಹಗಲು ಪ್ರೌಢಶಾಲೆಯಲ್ಲಿ ಗಣಿತದ ಪಾಠ, ಸಂಜೆ ತಾಲೀಮು, ಹಬ್ಬದ ದಿನಗಳಲ್ಲಿ ನಡುರಾತ್ರಿಯವರೆಗೆ ಕಾರ್ಯಕ್ರಮ. ಆದರೆ ಈ ವಾದ್ಯವನ್ನು ನಾನು ನಿಜವಾಗಿ ಕಲಿತದ್ದು ಭಾವಗೀತೆಯ ತಂಡವೊಂದನ್ನು ಸೇರಿ, ತಬಲಾದ ಪಕ್ಕದಲ್ಲಿ ಕುಳಿತ ಮೇಲೆ. ಆ ಕಲಿಕೆ ಹೇಗೆ ನಡೆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರ್ಕೆಸ್ಟ್ರಾದಲ್ಲಿ ಡ್ರಮ್ಸ್, ಕೀಬೋರ್ಡ್, ಪ್ಯಾಡ್ ಎಲ್ಲವೂ ಒಟ್ಟಿಗೆ ಮೊಳಗುವಾಗ ಬೇಸ್ ಸ್ವರ ಎಷ್ಟು ಹೊತ್ತು ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ಉದ್ದಕ್ಕೆ ಎಳೆದಷ್ಟೂ ತುಂಬಿಕೊಂಡಂತೆ ಕೇಳುತ್ತದೆ. ಅದೇ ಅಭ್ಯಾಸವನ್ನು ನಾನು ಭಾವಗೀತೆಗೂ ತಂದಿದ್ದೆ. ತಂಡ ಸೇರಿದ ಮೊದಲ ವರ್ಷ ತೀರ್ಥಹಳ್ಳಿ ಕಡೆಯ ಒಂದು ಸಭಾಭವನದಲ್ಲಿ ಕಾರ್ಯಕ್ರಮ ಮುಗಿಸಿ ತಂತಿ ಒರೆಸುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ವೇದಿಕೆಯ ಹತ್ತಿರ ಬಂದು, "ಹಾಡೆಲ್ಲ ಚೆನ್ನಾಗಿತ್ತು ತಮ್ಮಾ, ಆದ್ರೆ ಮಾತೇ ಕೇಳ್ಲಿಲ್ಲ. ಕೆಳಗೆ ಏನೋ ಗುಂಯ್ ಅಂತ ಒಂದೇ ಸಮ ಇತ್ತಲ್ಲ, ಅದೇನದು?" ಎಂದು ಕೇಳಿದರು. ಅದು ನನ್ನ ವಾದ್ಯವಾಗಿತ್ತು. ಶಿವಮೊಗ್ಗ ಸುಬ್ಬಣ್ಣನವರ ಹಾಡು ಕೇಳಿ ಬೆಳೆದ ಈ ಸೀಮೆಯಲ್ಲಿ ಭಾವಗೀತೆಗೆ ಬರುವವರು ಕವಿಯ ಮಾತಿಗಾಗಿಯೇ ಬರುತ್ತಾರೆ. ಆ ಮಾತನ್ನು ಮುಚ್ಚಿದೆನೆಂಬ ಸಂಕಟ ನನ್ನನ್ನು ಅನೇಕ ದಿನ ಬಿಡಲಿಲ್ಲ.

ಕಾರಣ ಹುಡುಕಲು ನಾನು ಮೊದಲು ಲೆಕ್ಕಕ್ಕೆ ಹೋದೆ. ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ದಪ್ಪದಿಂದ ಸಪೂರಕ್ಕೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಅವುಗಳ ಕಂಪನ ಸೆಕೆಂಡಿಗೆ ಕ್ರಮವಾಗಿ ಸುಮಾರು 41, 55, 73 ಮತ್ತು 98. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಎಂದು ಹಿಡಿದರೆ ದಪ್ಪ ತಂತಿಯ ಅಲೆಯೊಂದರ ಉದ್ದ ಎಂಟು ಮೀಟರಿಗೂ ಹೆಚ್ಚು. ಎದುರುಬದುರು ಗೋಡೆಗಳ ಅಂತರವು ಅಲೆಯ ಅರ್ಧ ಉದ್ದಕ್ಕೋ ಪೂರ್ತಿ ಉದ್ದಕ್ಕೋ ಸರಿಹೊಂದಿಬಿಟ್ಟರೆ ಆ ಒಂದು ಸ್ವರ ಮಾತ್ರ ಉಬ್ಬಿಕೊಂಡು, ಬೆರಳು ತೆಗೆದ ಮೇಲೂ ಕೋಣೆಯೊಳಗೆ ಸುತ್ತುತ್ತಿರುತ್ತದೆ. ಅಂಥ ಭವನದಲ್ಲಿ ನಾನು ಸ್ವರವನ್ನು ನಾಲ್ಕು ಮಾತ್ರೆಯಷ್ಟು (ತಾಳದ ಒಂದು ಎಣಿಕೆಗೆ ಒಂದು ಮಾತ್ರೆ) ಎಳೆದರೆ ಕೇಳುಗರಿಗೆ ಅದು ಎಂಟು ಮಾತ್ರೆಯಾಗಿ ತಲುಪುತ್ತದೆ. ವಾಲ್ಯೂಮ್ ತಗ್ಗಿಸಿ ನೋಡಿದೆ. ಗುಂಯ್‌ಗುಡುವಿಕೆ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಸರಿಪಡಿಸಬೇಕಾಗಿದ್ದದ್ದು ಸ್ವರದ ಜೋರನ್ನಲ್ಲ, ಅದರ ಉದ್ದವನ್ನು.

ಎಲ್ಲಿ ನಿಲ್ಲಿಸಬೇಕೆಂಬುದನ್ನು ತೋರಿಸಿಕೊಟ್ಟದ್ದು ನಮ್ಮ ತಬಲಾ ವಾದಕ. ಅವನು ನನ್ನ ಶಾಲೆಯಲ್ಲೇ ಓದಿದ ಹುಡುಗ, ಈಗಲೂ ನನ್ನನ್ನು ಸಾರ್ ಎಂದೇ ಕರೆಯುತ್ತಾನೆ. ಒಂದು ಸಂಜೆ ತಾಲೀಮಿನಲ್ಲಿ ಹಾಡು ನಿಲ್ಲಿಸಿ, ಬಹಳ ಸಂಕೋಚದಿಂದ, "ಸಾರ್, ಆ ಎರಡನೇ ಮಾತ್ರೆಯ 'ಗೆ' ನನಗೆ ಬಿಟ್ಟುಕೊಡಿ" ಎಂದ. ನಾವು ನುಡಿಸುತ್ತಿದ್ದದ್ದು ಕೆಹರ್ವಾ ತಾಳ: ಧಾ ಗೆ ನಾ ತಿ, ನಾ ಕ ಧಿ ನಾ ಎಂಬ ಎಂಟು ಮಾತ್ರೆ. ಬೋಲುಗಳನ್ನು, ಅಂದರೆ ಪೆಟ್ಟುಗಳ ಈ ಹೆಸರುಗಳನ್ನು, ಕಾಗದದಲ್ಲಿ ಬರೆದು ಡಗ್ಗ (ತಬಲಾ ಜೋಡಿಯಲ್ಲಿ ಮಂದ್ರ ನಾದದ ದೊಡ್ಡದು) ತೆರೆದು ಮೊಳಗುವ ಜಾಗಗಳಿಗೆ ಗೆರೆ ಎಳೆಯಲು ಅವನಿಗೇ ಹೇಳಿದೆ. ಒಂದು, ಎರಡು ಮತ್ತು ಏಳನೆಯ ಮಾತ್ರೆಗಳಿಗೆ ಗೆರೆ ಬಿತ್ತು. ಮೂರರಿಂದ ಆರರವರೆಗೆ ತೆರೆದ ಡಗ್ಗ ಇಲ್ಲವೇ ಇಲ್ಲ. ಆರನೆಯ 'ಕ' ಡಗ್ಗದ್ದೇ ಆದರೂ ಅಂಗೈಯಿಂದ ಮುಚ್ಚಿ ಹೊಡೆಯುವ ಪೆಟ್ಟು. ನಾನಾದರೋ ಅಷ್ಟು ದಿನ ಒಂದನೆಯ ಮಾತ್ರೆಗೆ ಷಡ್ಜ (ಸ) ಹಿಡಿದು ನಾಲ್ಕರವರೆಗೆ ಎಳೆದು, ಐದಕ್ಕೆ ಪಂಚಮ (ಪ) ಹಿಡಿದು ಎಂಟರವರೆಗೆ ಎಳೆಯುತ್ತಿದ್ದೆ. ಡಗ್ಗದ ಮೇಲಿನ ಅವನ ಮೂರು ಗುಮಕಿಗಳೂ ನನ್ನ ಸ್ವರದ ಅಡಿಯಲ್ಲಿ ಹೂತುಹೋಗುತ್ತಿದ್ದವು.

ಇಷ್ಟೇ ಆಗಿದ್ದರೆ ಜೋರು ಮೆತ್ತಗೆಯ ಪ್ರಶ್ನೆಯಾಗುತ್ತಿತ್ತು. ಡಗ್ಗದ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದು ಇನ್ನೂ ಮುಖ್ಯ. ಪೆಟ್ಟು ಕೊಟ್ಟ ಮೇಲೆ ವಾದಕ ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಂತೆ ನಾದ ಮೇಲಕ್ಕೇರುತ್ತದೆ. ಹಾಡುಗಾರರ ಉಸಿರಿಗೆ ತಬಲಾ ಮರುನುಡಿದಂತೆ ಕೇಳುವುದು ಆ ಜಾರಿನಲ್ಲಿಯೇ. ಅದರ ಕೆಳಗೆ ಬೇಸ್‌ನ ಒಂದು ಗಟ್ಟಿ ಸ್ವರ ಕದಲದೆ ನಿಂತಿದ್ದರೆ ಎರಡೂ ಒಂದಕ್ಕೊಂದು ಉಜ್ಜಿಕೊಂಡು, ಕೇಳುವವರಿಗೆ ಶ್ರುತಿಯೇ ಕೆಟ್ಟ ಹಾಗೆ ಅನ್ನಿಸುತ್ತದೆ. ಅಂದಿನಿಂದ ನಾನು ಒಂದನೆಯ ಮಾತ್ರೆಗೆ ಅವನ 'ಧಾ' ಜೊತೆಗೇ ಷಡ್ಜವನ್ನು ನುಡಿಸಿ, 'ಗೆ' ಬರುವ ಮೊದಲೇ ನಿಲ್ಲಿಸುತ್ತೇನೆ. ಐದನೆಯ ಮಾತ್ರೆಗೆ ಮತ್ತೆ ಬಂದು ಆರು ಮುಗಿಯುವವರೆಗೆ ಉಳಿದು, 'ಧಿ'ಗೆ ಪೂರ್ತಿ ಜಾಗ ಬಿಡುತ್ತೇನೆ. ಎಂಟರಲ್ಲಿ ಮೂರಕ್ಕಿಂತ ಕಡಿಮೆ ಮಾತ್ರೆಗಳಷ್ಟು ಹೊತ್ತು ಮಾತ್ರ ನನ್ನ ವಾದ್ಯ ನುಡಿಯುತ್ತದೆ. ಇದನ್ನು ಮೈಗೂಡಿಸಿಕೊಳ್ಳಲು ಒಂದು ಇಡೀ ಮಳೆಗಾಲ ಹಿಡಿಯಿತು.

ನಿಲ್ಲಿಸುವುದು ಬಲಗೈಗಿಂತ ಎಡಗೈಯ ಕೆಲಸ. ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಯ) ಮೇಲೆ ಒತ್ತಿದ ಬೆರಳನ್ನು ತಂತಿಯಿಂದ ಪೂರ್ತಿ ಕಿತ್ತರೆ ಖಾಲಿ ತಂತಿ ತಾನೇ ನುಡಿದುಬಿಡುತ್ತದೆ. ಆದ್ದರಿಂದ ಒತ್ತಡವನ್ನಷ್ಟೇ ಬಿಡಬೇಕು, ಬೆರಳು ತಂತಿಯನ್ನು ಮುಟ್ಟಿಕೊಂಡೇ ಇರಬೇಕು. ನಾನು ದಿನಾ ಬೆಳಿಗ್ಗೆ ಹದಿನೈದು ನಿಮಿಷ ಲಯ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಒಂದೇ ಸ್ವರವನ್ನು ಒಂದು ಮಾತ್ರೆ, ಅರ್ಧ ಮಾತ್ರೆ, ಮುಕ್ಕಾಲು ಮಾತ್ರೆ ಎಂದು ಅಳೆದು ನಿಲ್ಲಿಸುವುದನ್ನಷ್ಟೇ ಸಾಧನೆ ಮಾಡಿದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಅಷ್ಟೆಲ್ಲ ನುಡಿಸಿದರೆಂದು ತಿಳಿದಾಗ ಬಲಗೈಯ ವೇಗದ ಬಗ್ಗೆ ನನಗಿದ್ದ ಹಂಬಲ ಕಡಿಮೆಯಾಯಿತು. ಒಡಲಿನ ಮೇಲೆ ತಂತಿಗಳನ್ನು ಹೊತ್ತಿರುವ ಸೇತುವೆಯ ಹತ್ತಿರ ತಂತಿಗಳ ಅಡಿಗೆ ಪಾತ್ರೆ ತೊಳೆಯುವ ಸ್ಪಂಜಿನ ಒಂದು ಪಟ್ಟಿಯನ್ನು ಸೇರಿಸುವುದನ್ನೂ ಆಗಲೇ ಆರಂಭಿಸಿದೆ. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಎಂಬ ಗಿಟಾರಿನಲ್ಲಿ ಸೇತುವೆಯನ್ನು ಮುಚ್ಚುವ ಕವಚದ ಒಳಗೆ ತಂತಿಗಳ ಅನುರಣನ ತಗ್ಗಿಸುವ ತುಂಡೊಂದನ್ನು ಇಡಲಾಗಿತ್ತು. ಸ್ಪಂಜು ಮಾಡುವುದೂ ಅದೇ ಕೆಲಸವನ್ನು. ಒತ್ತಡ ಹೆಚ್ಚಾದರೆ ಸ್ವರವೇ ಸತ್ತುಹೋಗುತ್ತದೆ. ತಂತಿಗೆ ತಾಗಿಯೂ ತಾಗದ ಹಾಗಿರಬೇಕು.

ಶ್ರುತಿಯ ವಿಚಾರದಲ್ಲಿ ನನ್ನ ತಿಳಿವಳಿಕೆ ತಲೆಕೆಳಗಾಯಿತು. ನಮ್ಮ ಗಾಯಕಿಯ ಶ್ರುತಿ ಹಾರ್ಮೋನಿಯಂನ ಬಿಳಿ ಐದು, ಅಂದರೆ ಐದನೆಯ ಬಿಳಿ ಕೀಲಿಯ ಜಿ ಸ್ವರ. ಅಲ್ಲಿ ನನ್ನ ನಾಲ್ಕೂ ಖಾಲಿ ತಂತಿಗಳು ಕೆಲಸಕ್ಕೆ ಬರುತ್ತವೆ, ಆದ್ದರಿಂದ ಅದೇ ಸುಲಭ ಎಂದುಕೊಂಡಿದ್ದೆ. ತಂಡದ ಗಾಯಕರದ್ದು ಕಪ್ಪು ಒಂದು, ಅಂದರೆ ಸಿ ಶಾರ್ಪ್. ಅಲ್ಲಿ ಶುದ್ಧ ಸ್ವರಗಳ ಹಾಡಾದರೆ ಒಂದು ಖಾಲಿ ತಂತಿಯೂ ಸ್ವರಕ್ಕೆ ಸಿಕ್ಕುವುದಿಲ್ಲ, ಎಲ್ಲವನ್ನೂ ಫ್ರೆಟ್ಟಿನ ಮೇಲೆ ಒತ್ತಿಯೇ ನುಡಿಸಬೇಕು. ಆದರೆ ಒತ್ತಿದ ಸ್ವರವನ್ನು ಬೆರಳು ಸಡಿಲಿಸಿ ನಿಲ್ಲಿಸಬಹುದು. ಖಾಲಿ ತಂತಿಯನ್ನು ನಿಲ್ಲಿಸಲು ಇನ್ನೊಂದು ಬೆರಳೋ ಬಲಗೈಯೋ ಬರಬೇಕು, ಅಷ್ಟರಲ್ಲಿ 'ಗೆ' ಕಳೆದುಹೋಗಿರುತ್ತದೆ. ನನಗೆ ಕಷ್ಟವೆನಿಸಿದ್ದ ಕಪ್ಪು ಒಂದರಲ್ಲಿಯೇ ನನ್ನ ನುಡಿಸಾಣಿಕೆ ಸ್ವಚ್ಛವಾಗಿತ್ತೆಂದು ಧ್ವನಿಮುದ್ರಿಸಿ ಕೇಳಿದಾಗ ಗೊತ್ತಾಯಿತು. ಇನ್ನೊಂದು ಮಾತು: ಶ್ರುತಿ ಹೊಂದಿಸುವಾಗ ನಾನು ಶ್ರುತಿ ಅಳೆಯುವ ಟ್ಯೂನರನ್ನು ಕೊನೆಯ ಮಾತೆಂದು ನಂಬುವುದಿಲ್ಲ. ಹಳೆಯ ಹಾರ್ಮೋನಿಯಂಗಳು ಟ್ಯೂನರಿನ ಅಳತೆಗೆ ಸರಿಯಾಗಿ ಇರುವುದು ಅಪರೂಪ, ಮತ್ತು ವೇದಿಕೆಯ ಮೇಲೆ ಎಲ್ಲರೂ ಅನುಸರಿಸುವುದು ಅದನ್ನೇ.

ಪಂಚಮದ ಪಾಠವನ್ನು ಕಲಿಸಿದವರು ನಮ್ಮ ಹಾರ್ಮೋನಿಯಂ ಮೇಷ್ಟ್ರು. ಮೂಲಸ್ವರ, ಅದರ ಐದನೆಯದು, ಮತ್ತೆ ಮೂಲಸ್ವರ ಎಂಬ ನಡೆ ಬೇಸ್ ನುಡಿಸುವವರ ಕೈಯಲ್ಲಿ ತಾನಾಗಿಯೇ ಹರಿಯುತ್ತದೆ. ಹಿಂದೋಳದಲ್ಲಿ ಕಟ್ಟಿದ ಹಾಡೊಂದನ್ನು ಅಭ್ಯಾಸ ಮಾಡುವಾಗ ಅವರು ತಿದಿಯಿಂದ ಕೈ ತೆಗೆದು, "ಮಾರಾಯ, ಈ ರಾಗದಲ್ಲಿ ಪಂಚಮ ಎಲ್ಲಿದೆ?" ಎಂದರು. ಹಿಂದೋಳದಲ್ಲಿ ಪಂಚಮವೂ ಇಲ್ಲ, ರಿಷಭವೂ ಇಲ್ಲ. ಗಾಯಕಿ ಅಷ್ಟು ಜತನದಿಂದ ದೂರವಿಟ್ಟಿದ್ದ ಸ್ವರವನ್ನು ನಾನು ಪ್ರತಿ ಆವರ್ತದಲ್ಲೂ ಕೆಳಗಿನಿಂದ ತಂದು ಸುರಿಯುತ್ತಿದ್ದೆ. ಈಗ ಅಂಥ ಹಾಡುಗಳಲ್ಲಿ ಷಡ್ಜಕ್ಕೆ ಜೊತೆಯಾಗಿ ಮಧ್ಯಮವನ್ನು ಹಿಡಿಯುತ್ತೇನೆ. ಯಾವ ಹಾಡಿಗೇ ಆಗಲಿ, ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಬರೆದುಕೊಳ್ಳುವ ಮೊದಲು ರಾಗದಲ್ಲಿ ಇಲ್ಲದ ಸ್ವರಗಳನ್ನು ನೋಟುಬುಕ್ಕಿನ ತಲೆಬರಹದಲ್ಲಿ ಬರೆದುಕೊಳ್ಳುತ್ತೇನೆ.

ಮಲೆನಾಡಿನ ಮಳೆಗಾಲ ಈ ವಾದ್ಯಕ್ಕೆ ಕಠಿಣವಾದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕ ಎಲ್ಲಕ್ಕೂ ಬೂಸ್ಟು ಹಿಡಿಯುವ ಊರಿನಲ್ಲಿ ಮರದ ಕುತ್ತಿಗೆಯೂ ತೇವ ಹೀರುತ್ತದೆ. ನನ್ನ ವಾದ್ಯದಲ್ಲಿ ತಂತಿಗಳು ಫ್ರೆಟ್ಟಿನಿಂದ ಮೇಲಕ್ಕೆದ್ದು, ಒತ್ತುವುದಕ್ಕೂ ಬಿಡುವುದಕ್ಕೂ ಹೊತ್ತು ಹಿಡಿಯುತ್ತಿತ್ತು. ಅರ್ಧ ಮಾತ್ರೆ ಅಳೆಯುವವನಿಗೆ ಅದು ಸಣ್ಣ ತೊಂದರೆಯಲ್ಲ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ, ಕುತ್ತಿಗೆ ಒಡಲಿಗೆ ಸೇರುವಲ್ಲಿಯೂ ಒತ್ತಿ ಹಿಡಿದು, ಏಳೆಂಟನೆಯ ಫ್ರೆಟ್ಟಿನ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಮಾತ್ರ ಸಂದು ಉಳಿಯುವಂತೆ ಕುತ್ತಿಗೆಯೊಳಗಿದ್ದು ಅದರ ಬಾಗನ್ನು ಹಿಡಿದಿಡುವ ಲೋಹದ ಸಲಾಕೆಯಾದ ಟ್ರಸ್ ರಾಡನ್ನು ಸರಿಮಾಡುತ್ತೇನೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ, ತಿರುಗಿಸಿದ ಮೇಲೆ ಒಂದು ದಿನ ಕಾಯುತ್ತೇನೆ. ಒರಟು ಸುತ್ತಿನ ತಂತಿಗಳನ್ನು ಬಿಟ್ಟು ಚಪ್ಪಟೆ ಸುತ್ತಿನ ಫ್ಲಾಟ್‌ವೂಂಡ್ ತಂತಿಗಳಿಗೆ ಬದಲಾದದ್ದರಿಂದ ತುಕ್ಕಿನ ಕಾಟ ತಗ್ಗಿತು, ಬೆರಳು ಜಾರುವಾಗಿನ ಕಿರಿಕಿರಿ ಶಬ್ದವೂ ಹೋಯಿತು. ಅವುಗಳ ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತವೆ.

ಬೇಸಿಗೆಯಲ್ಲಿ ಅಡಿಕೆ ಅಂಗಳದ ಚಪ್ಪರದಡಿ ನುಡಿಸುವಾಗ ಸಮಸ್ಯೆ ತಿರುವುಮುರುವಾಗುತ್ತದೆ. ಅಲ್ಲಿ ಗೋಡೆಯೇ ಇಲ್ಲದ ಕಾರಣ ಮಂದ್ರದ ಸ್ವರಗಳು ತೋಟದೊಳಕ್ಕೆ ಹೋಗಿ ಹಿಂದಿರುಗುವುದಿಲ್ಲ, ಸಣ್ಣ ಸ್ಪೀಕರುಗಳಿಗೆ ಅವನ್ನು ಹೊತ್ತು ತರುವ ಶಕ್ತಿಯೂ ಇರುವುದಿಲ್ಲ. ವಾಲ್ಯೂಮ್ ಏರಿಸುವ ಆಸೆ ಪ್ರತಿ ಸಲವೂ ಬರುತ್ತದೆ. ಅದರ ಬದಲು ಬಿಳಿ ಐದರ ಹಾಡಿಗೆ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಷಡ್ಜವನ್ನು ಬಿಟ್ಟು ಒಂದು ಸ್ಥಾಯಿ ಮೇಲಿನದನ್ನು ಹಿಡಿಯುತ್ತೇನೆ. ಸೆಕೆಂಡಿಗೆ 49ರ ಬದಲು 98 ಕಂಪನದ ಆ ಸ್ವರ ಹಿಂದಿನ ಸಾಲಿನವರೆಗೂ ಸ್ಪಷ್ಟವಾಗಿ ತಲುಪುತ್ತದೆ. ಅದು ಖಾಲಿ ಜಿ ತಂತಿಯಲ್ಲಿಯೂ ಸಿಗುತ್ತದೆ, ಡಿ ತಂತಿಯ ಐದನೆಯ ಫ್ರೆಟ್ಟಿನಲ್ಲಿಯೂ ಸಿಗುತ್ತದೆ. ನಾನು ಡಿ ತಂತಿಯದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಹುಡುಗನ 'ಗೆ' ಬರುವ ಮೊದಲು ಅದನ್ನು ಬೆರಳು ಸಡಿಲಿಸಿ ನಿಲ್ಲಿಸಬಹುದು.